ಬ್ಯಾಟರಿ ತೆಗೆದವರು ನಾವು

ಆ ದಿನ ಬೆಳಿಗ್ಗೆ ಆರು ಗಂಟೆಗೆ ಎದ್ದು, ಮೋಟೆಲ್ಲಿನ ಕೋಣೆಯ ಮೂಲೆಯಲ್ಲಿದ್ದ ಎರಡು ಸುರುಳಿಯ ಕರೆಂಟ್ ಒಲೆಯ ಮೇಲೆ ಉಪ್ಪಿಟ್ಟಿಗೆ ನೀರಿಟ್ಟೆ. ರವೆ ಹುರಿಯುವಾಗ ಬಾಗಿಲನ್ನು ಒಂದು ಗೇಣು ತೆರೆದೇ ಇಟ್ಟಿದ್ದೆ. ಚಳಿ ಒಳಗೆ ಬಂದರೂ ಸರಿ, ವಾಸನೆ ಹೊರಗೆ ಹೋಗಲಿ ಎಂದು. ಒಗ್ಗರಣೆ ಹಾಕಲಿಲ್ಲ. ಆರು ವಾರಗಳಿಂದ ನಾನು ಒಗ್ಗರಣೆಯನ್ನೇ ಹಾಕಿರಲಿಲ್ಲ. ಒಗ್ಗರಣೆಯಿಂದಲೇ ನಮ್ಮ ಮನೆ ಸುಟ್ಟಿತೆಂದು ಯಾರೋ ಮಗಳ ಎದುರಿಗೆ ಹೇಳಿಬಿಟ್ಟಿದ್ದರು. ಅಂದಿನಿಂದ ಆರು ವರ್ಷದ ಶುಭಾ ಎಣ್ಣೆಯ ಬಾಟಲಿ ಕಂಡರೆ ಹಾಸಿಗೆಯ ಆಚೆ ಬದಿಗೆ ಹೋಗಿ ಕೂರುತ್ತಿದ್ದಳು.

ಅವಳಿಗೆ ಎರಡು ಜಡೆ ಹೆಣೆದು, ಯಾರೋ ಕೊಟ್ಟ ಕೆಂಪು ಸ್ವೆಟರು ತೊಡಿಸಿ, ಉದ್ದವಾದ ತೋಳನ್ನು ಎರಡು ಮಡಿಕೆ ಮಡಚಿದೆ. ಊಟದ ಡಬ್ಬಿಗೆ ಬ್ರೆಡ್ಡು ಜ್ಯಾಮು. ಇವರು ಬಚ್ಚಲಿನ ಕನ್ನಡಿಯ ಮುಂದೆ ನಿಂತು ಟೈ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದರು. ಎಲ್ಲ ದಿನದ ಹಾಗೆಯೇ. ವ್ಯತ್ಯಾಸವೆಂದರೆ ಶುಭಾಳನ್ನು ಶಾಲೆಗೆ ಬಿಟ್ಟ ಮೇಲೆ ಇವರು ನೇರವಾಗಿ ಆಫೀಸಿಗೆ ಹೋಗುವವರಿರಲಿಲ್ಲ. ಹತ್ತು ಗಂಟೆಗೆ ನಾವಿಬ್ಬರೂ ಕ್ಯುಪರ್ಟಿನೋದಲ್ಲಿದ್ದ ಮನೆಯೊಡೆಯರ ಮನೆಗೆ ಹೋಗಿ ಒಂದು ಕಾಗದಕ್ಕೆ ಸಹಿ ಹಾಕಬೇಕಿತ್ತು. ನಾವು ಬಾಡಿಗೆಗಿದ್ದ ಮನೆಗೆ ಬೆಂಕಿ ಬಿದ್ದದ್ದು ನಮ್ಮ ತಪ್ಪಿನಿಂದ ಎಂದು ಒಪ್ಪಿಕೊಳ್ಳುವ ಕಾಗದ.

ಈಗ ಮಾರ್ಗನ್ ಹಿಲ್‌ನಲ್ಲಿ ನಮ್ಮದೇ ಮನೆಯಿದೆ. ಬೆಂಕಿಗೆ ವಿಮೆಯಿದೆ, ಮೂರು ಕಡೆ ಅಲಾರ್ಮು ಇದೆ. ಆದರೂ ಪ್ರತಿವರ್ಷ ನವೆಂಬರಿನಲ್ಲಿ ಮೊದಲ ಸಲ ಹೀಟರ್ ಹಾಕಿದಾಗ, ಬೇಸಗೆಯಿಡೀ ಕೂತಿದ್ದ ಧೂಳು ಸುಡುವ ವಾಸನೆ ಬರುತ್ತದಲ್ಲ, ಅದು ಮೂಗಿಗೆ ಬಡಿದರೆ ಸಾಕು, ನಾನು ಸನ್ನಿವೇಲ್‌ನ ಆ ಮನೆಯ ನಡುಕೋಣೆಯಲ್ಲಿ ನಿಂತಿರುತ್ತೇನೆ. ಎಂಬತ್ತರ ದಶಕದ ನಡುವಿನ ಒಂದು ವರ್ಷ. ವರ್ಷವೆಂದರೂ ಹೆಚ್ಚಾಯಿತು. ಒಂದು ಬೇಸಗೆಯಿಂದ ಸಂಕ್ರಾಂತಿ ಕಳೆಯುವವರೆಗೆ, ಅಷ್ಟೇ. ಆ ಏಳೆಂಟು ತಿಂಗಳಲ್ಲಿ ಕಲಿತದ್ದನ್ನು ನನ್ನ ಹತ್ತು ವರ್ಷದ ಕಾನ್ವೆಂಟು ನನಗೆ ಕಲಿಸಿರಲಿಲ್ಲ. ಅದು ಕಲಿಸಿದ್ದರಲ್ಲಿ ಹೆಚ್ಚಿನದು ಉಪಯೋಗಕ್ಕೂ ಬರಲಿಲ್ಲ.

ನಾವು ಆ ಮನೆಗೆ ಹೋದದ್ದು ಜೂನ್ ತಿಂಗಳಲ್ಲಿ. ಹಿತ್ತಲಿನ ಏಪ್ರಿಕಾಟ್ ಮರದಿಂದ ಹಣ್ಣು ಉದುರಿ ಉದುರಿ ಹುಲ್ಲೆಲ್ಲ ಅಂಟಾಗಿತ್ತು. ಅದು ಜೋಡಿ ಮನೆ. ಎರಡು ಮನೆಗಳ ಗ್ಯಾರೇಜುಗಳು ಬೆನ್ನಿಗೆ ಬೆನ್ನು ಕೊಟ್ಟು ಮಧ್ಯದಲ್ಲಿ, ಮನೆಗಳು ಆಚೆಗೊಂದು ಈಚೆಗೊಂದು. ಆಚೆಯ ಮನೆಯಲ್ಲಿ ಡಾರತಿ ಎಂಬ ಎಪ್ಪತ್ತು ದಾಟಿದ ಹೆಂಗಸು ಒಬ್ಬರೇ ಇದ್ದರು. ಹಣ್ಣಿನ ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು. ಬೆರಳುಗಳು ಸೊಟ್ಟಗಾಗಿದ್ದರೂ ನಾನು ಒಂದು ಏಪ್ರಿಕಾಟ್ ಬಿಡಿಸುವಷ್ಟರಲ್ಲಿ ಅವರು ಐದು ಬಿಡಿಸುತ್ತಿದ್ದರು. ನನ್ನ ಹೆಸರು ಸುಜಾತಾ ಎನ್ನುವುದು ಅವರ ಬಾಯಲ್ಲಿ 'ಸೂ' ಎಂದಾಯಿತು.

ಎರಡೂ ಮನೆಗಳ ಒಡೆಯರು ಶ್ರೀಪತಿಯಣ್ಣ. ಮೈಸೂರಿನವರು, ಅರವತ್ತರ ದಶಕದಲ್ಲೇ ಬಂದ ಎಂಜಿನಿಯರು. ಕನ್ನಡದವರು ನಾಲ್ಕು ಜನ ಸೇರಿದರೆ ಮೈಕು ಅವರ ಕೈಗೇ ಹೋಗುತ್ತಿತ್ತು. ಹೊಸದಾಗಿ ಊರಿನಿಂದ ಬಂದವರಿಗೆ ಮನೆ ಹುಡುಕುವುದರಿಂದ ಹಿಡಿದು ಹಳೆಯ ಕಾರು ನೋಡಿಕೊಡುವವರೆಗೆ ಎಲ್ಲದಕ್ಕೂ ಅವರೇ. ನಮಗೂ ಹಾಗೆಯೇ ಆಯಿತು. ಇವರು ಬಾಡಿಗೆ ಕರಾರು ಎಂದು ಬಾಯಿ ತೆರೆದಾಗ ಅವರು ಇವರ ಹೆಗಲ ಮೇಲೆ ಕೈ ಹಾಕಿ ನಕ್ಕಿದ್ದರು.

"ನಮ್ಮನಮ್ಮಲ್ಲಿ ಅಗ್ರಿಮೆಂಟು ಯಾಕ್ರೀ? ನೀವೇನು ಓಡಿಹೋಗ್ತೀರಾ, ನಾನೇನು ಓಡಿಸ್ತೀನಾ?"

ನಮಗೆ ಅದು ದೊಡ್ಡ ಮರ್ಯಾದೆಯಂತೆ ಕಂಡಿತು. ನಾವು ಮಂಗಳೂರಿನವರು. ಈ ಊರಿನಲ್ಲಿ ಅಣ್ಣ ಎಂದು ಕರೆಯಬಹುದಾದ ಒಬ್ಬರು ಸಿಕ್ಕರಲ್ಲ ಎಂದು ನಾನು ಅಮ್ಮನಿಗೆ ಬರೆದ ಕಾಗದದಲ್ಲಿ ಅರ್ಧ ಪುಟ ಅದೇ ಇತ್ತು. ಶ್ರೀಪತಿಯಣ್ಣನಿಗೆ ನನ್ನ ಕನ್ನಡವೆಂದರೆ ತಮಾಷೆ. "ಸುಜಾತಾ, ನೀನು ಮಾತಾಡಿದ್ರೆ ರೇಡಿಯೋದಲ್ಲಿ ವಾರ್ತೆ ಓದ್ದಂಗಿರುತ್ತೆ ಕಣಮ್ಮ," ಎನ್ನುತ್ತಿದ್ದರು. ಅವರ ಹೆಂಡತಿ ವಿಮಲಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

ಶ್ರೀಪತಿಯಣ್ಣನಿಗೆ ಒಂದು ಹಟವಿತ್ತು. ಬಾಡಿಗೆ ಮನೆಗಳಲ್ಲಿ ಏನೇ ಕೆಟ್ಟರೂ ಅವರೇ ರಿಪೇರಿ ಮಾಡಬೇಕು. ನಲ್ಲಿಯವನು, ಗ್ಯಾಸಿನವನು ಎಂದು ಯಾರನ್ನೂ ಕರೆಯುತ್ತಿರಲಿಲ್ಲ. ಕರೆದರೆ ಎಂಜಿನಿಯರಿಗೆ ಅವಮಾನ. ಭಾನುವಾರ ಬೆಳಿಗ್ಗೆ ಕೆಂಪು ತಗಡಿನ ಟೂಲ್ ಬಾಕ್ಸು ಹಿಡಿದು ಬರುವರು, ಎರಡು ಗಂಟೆ ಏನೋ ಬಿಚ್ಚಿ ಏನೋ ಜೋಡಿಸುವರು, ಆಮೇಲೆ ಕೈ ತೊಳೆದುಕೊಂಡು ನಮ್ಮಲ್ಲೇ ಊಟ. ನನಗೆ ಅದೂ ಸಂತೋಷವೇ. ಅವರಿಗೆಂದು ಶನಿವಾರವೇ ತೆಂಗಿನಕಾಯಿ ತಂದಿಟ್ಟುಕೊಳ್ಳುತ್ತಿದ್ದೆ.

ಅಕ್ಟೋಬರ್ ಕೊನೆಯಲ್ಲಿ ಚಳಿ ಬಂತು. ಆ ಮನೆಯ ಹೀಟರು ನಡುಕೋಣೆಯ ಗೋಡೆಯೊಳಗೆ ಹುದುಗಿಸಿದ್ದ ಗ್ಯಾಸಿನದು. ಆಳೆತ್ತರ, ಮುಂದೆ ತಗಡಿನ ಜಾಲರಿ. ಅದೇ ಗೋಡೆಯ ಆಚೆ ಬದಿಗೆ ಅಡುಗೆಮನೆಯ ಕರೆಂಟ್ ಒಲೆ. ಹೀಟರು ಹತ್ತಿಕೊಳ್ಳುವಾಗ ಒಳಗಿನಿಂದ ಧಪ್ ಎಂದು ಒಂದು ಸದ್ದು ಬರುತ್ತಿತ್ತು, ಅಟ್ಟದಿಂದ ಹತ್ತಿಯ ಮೂಟೆ ಬಿದ್ದ ಹಾಗೆ. ಮೊದಲ ವಾರ ಬೆಚ್ಚಿಬೀಳುತ್ತಿದ್ದೆವು, ಆಮೇಲೆ ಶುಭಾ ಅದರ ಜೊತೆಗೆ ತಾನೂ ಧಪ್ ಎನ್ನುವುದನ್ನು ಕಲಿತಳು. ಜಾಲರಿಯ ಮೇಲುಗಡೆ ಬಿಳಿ ಗೋಡೆಗೆ ಒಂದು ಕಂದು ಮಚ್ಚೆ ಕಾಣಿಸಿಕೊಂಡಿತು. ನಾನು ದಿನಾ ಕಸ ಹೊಡೆಯುವವಳು, ನನ್ನ ಕಣ್ಣಿಗೆ ಬೀಳದೆ ಇರುತ್ತದೆಯೇ. ಮೊದಲು ರೂಪಾಯಿಯಷ್ಟಿತ್ತು. ಹತ್ತು ದಿನಕ್ಕೆ ಪೂರಿಯಷ್ಟಾಯಿತು. ನವೆಂಬರ್ ಮಧ್ಯಕ್ಕೆ ಅದರ ಅಂಚು ಕಪ್ಪಾಗಿ, ಕಾವಲಿಯಲ್ಲಿ ಮರೆತ ದೋಸೆಯಂತೆ ಆಗಿತ್ತು. ಅಂಗೈ ಇಟ್ಟರೆ ಇಟ್ಟಷ್ಟು ಹೊತ್ತು ಇಡಲಾಗುತ್ತಿರಲಿಲ್ಲ.

ವಿಮಲಕ್ಕನಿಗೆ ಫೋನಿನಲ್ಲಿ ಹೇಳಿದೆ. ಹೇಳ್ತೀನಮ್ಮ ಅಂದರು. ಮುಂದಿನ ಭಾನುವಾರ ಶ್ರೀಪತಿಯಣ್ಣ ಬೇರೇನೋ ಕೆಲಸಕ್ಕೆ ಬಂದವರು ಊಟಕ್ಕೆ ಕೂತಿದ್ದಾಗ, ಹುಳಿಯ ಸೌಟು ಕೈಯಲ್ಲಿ ಹಿಡಿದುಕೊಂಡೇ ನಾನು ಅವರಿಗೂ ಹೇಳಿದೆ. "ಅಣ್ಣಾ, ಹೀಟರಿನ ಮೇಲೆ ಗೋಡೆ ಕಂದಾಗಿ ಸುಟ್ಟ ಹಾಗೆ ಆಗ್ತಾ ಉಂಟು. ಒಮ್ಮೆ ನೋಡ್ತೀರಾ?" ಇವರು ಮೇಜಿನ ಕೆಳಗಿನಿಂದ ನನ್ನ ಕಾಲು ಒತ್ತಿದರು. ಉಣ್ಣುವ ಹೊತ್ತಿನಲ್ಲಿ ದೂರು ಹೇಳಬಾರದು ಎಂದು ಅದರ ಅರ್ಥ. ಆದ್ದರಿಂದ ನಾನು ಮಾತಿನ ಹಿಂದೆಯೇ ಇನ್ನೊಂದು ಸೌಟು ಹುಳಿ ಬಡಿಸಿದೆ. ಈಗ ಯೋಚಿಸಿದರೆ, ನನ್ನ ಎಲ್ಲ ದೂರುಗಳೂ ಹೀಗೆ ಅನ್ನದ ಜೊತೆ ಕಲಸಿಹೋಗಿದ್ದವು. ಬರೆದುಕೊಟ್ಟದ್ದು ಒಂದೂ ಇಲ್ಲ. ಅಣ್ಣ ಎಂದು ಕರೆಯುವವರಿಗೆ ಯಾರಾದರೂ ದೂರಿನ ಪತ್ರ ಬರೆಯುತ್ತಾರೆಯೇ?

ನವೆಂಬರ್ ಕೊನೆಗೆ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಭಾನುವಾರ ಅವರು ಹೀಟರಿಗೆಂದೇ ಬಂದರು. ಜಾಲರಿ ಕಳಚಿ, ಟಾರ್ಚು ಬಿಟ್ಟು ನೋಡಿ, ನಮ್ಮ ವ್ಯಾಕ್ಯೂಮಿನಿಂದಲೇ ಒಳಗಿನ ಧೂಳು ಎಳೆದರು. ಒಂದು ತಿರುಪನ್ನು ಬಿಗಿ ಮಾಡಿದರು. ಸದ್ದು ಸ್ವಲ್ಪ ಕಡಿಮೆಯಾಯಿತು, ಸುಳ್ಳು ಹೇಳಬಾರದು. ಆಮೇಲೆ ಕಾರಿನಿಂದ ಬಿಳಿ ಪೇಂಟಿನ ಡಬ್ಬಿ ತಂದು ಗೋಡೆಯ ಸುಟ್ಟ ಭಾಗಕ್ಕೆ ಎರಡು ಸಲ ಬ್ರಷ್ ಆಡಿಸಿದರು. "ನೋಡಮ್ಮ, ಹೊಸ ಮನೆ," ಅಂದರು. ಗೋಡೆ ನಿಜವಾಗಿಯೂ ಹೊಸದಾಗಿತ್ತು. ಒಳಗಿದ್ದದ್ದು ಒಳಗೇ ಉಳಿಯಿತು.

ಅದೇ ದಿನ ನಾನು ಸಾರಿಗೆ ಇಂಗು, ಒಣಮೆಣಸಿನಕಾಯಿಯ ಒಗ್ಗರಣೆ ಹಾಕಿದ್ದೇ ತಡ, ಸೂರಿನ ಸ್ಮೋಕ್ ಅಲಾರ್ಮು ಕಿರುಚತೊಡಗಿತು. ಅದೇನೂ ಹೊಸದಲ್ಲ. ದಿನಕ್ಕೊಂದು ಸಲ ಅದು ಕಿರುಚುವುದು, ನಾನು ಟವೆಲು ಬೀಸಿ ಅದನ್ನು ಸುಮ್ಮನಾಗಿಸುವುದು ನಡೆದೇ ಇತ್ತು. ಕೆಮ್ಮುತ್ತಾ ಬಂದ ಶ್ರೀಪತಿಯಣ್ಣ ಊಟದ ಕುರ್ಚಿಯನ್ನೇ ಎಳೆದು ಹತ್ತಿ, ಅಲಾರ್ಮಿನ ಮುಚ್ಚಳ ತೆಗೆದು, ಬ್ಯಾಟರಿಯನ್ನು ಕಿತ್ತುಕೊಂಡು ಇಳಿದರು.

"ಇದನ್ನ ಮಾಡಿದವರು ಒಗ್ಗರಣೆ ಕಂಡಿಲ್ಲ. ನಮ್ಮನೇಲೂ ತೆಗೆದಿಟ್ಟಿದೀವಿ ಕಣಮ್ಮ. ಇಲ್ದಿದ್ರೆ ಸಾರು ಕುಡಿಯೋದು ಹೆಂಗೆ?"

ಬ್ಯಾಟರಿಯನ್ನು ಹಾಳು ಮಾಡುವುದು ಯಾಕೆಂದು ಇವರ ಟ್ರಾನ್ಸಿಸ್ಟರಿಗೆ ಹಾಕಿಕೊಟ್ಟರು. ಅದು ಸರಿಯಾಗಿ ಕೂತಿತು. ನಾವೆಲ್ಲರೂ ನಕ್ಕೆವು. ನಾನೂ ನಕ್ಕಿದ್ದೇನೆ, ಅದನ್ನು ಮರೆಮಾಚುವುದಿಲ್ಲ.

ಡಿಸೆಂಬರಿನ ಮೊದಲ ವಾರ ಹುಲ್ಲಿನ ಮೇಲೆ ಬಿಳಿ ಹಿಮದ ಪುಡಿ ಬೀಳುವಷ್ಟು ಚಳಿ. ಶುಭಾಳಿಗೆ ನೆಗಡಿ. ಅವಳು ಶಾಲೆಯಿಂದ ಬರುವಷ್ಟರಲ್ಲಿ ಮನೆ ಬೆಚ್ಚಗಿರಲೆಂದು ಹೀಟರನ್ನು ಎರಡು ಗೆರೆ ಮೇಲಕ್ಕೆ ತಿರುಗಿಸಿ ಮಧ್ಯಾಹ್ನ ಎರಡು ಗಂಟೆಗೆ ಹೊರಟೆ. ಒಲೆಯ ಮೇಲೆ ಬೇಯಿಸಿದ ಬೀನ್ಸಿನ ಪಾತ್ರೆಯಿತ್ತು. ಒಲೆ ಆರಿಸಿದ್ದೆ. ಶಾಲೆ ಮೂರು ರಸ್ತೆ ಆಚೆಗೆ. ಮಗಳ ಕೈಹಿಡಿದು ಮೂಲೆ ತಿರುಗಿದಾಗ ನಮ್ಮ ಮನೆಯ ಸೂರಿನ ಸಂದಿನಿಂದ ಹೊಗೆ ಬರುತ್ತಿತ್ತು. ಯಾರೋ ಒಳಗೆ ಸೌದೆ ಒಲೆ ಹಚ್ಚಿದ ಹಾಗೆ, ಸಾವಧಾನವಾಗಿ. ಡಾರತಿ ಮನೆಯ ಚಪ್ಪಲಿಯಲ್ಲೇ ಹುಲ್ಲಿನ ಮೇಲೆ ನಿಂತು ತೋಟದ ಪೈಪಿನಿಂದ ನಮ್ಮ ಕಿಟಕಿಗೆ ನೀರು ಬಿಡುತ್ತಿದ್ದರು. ಬೆಂಕಿಯ ಗಾಡಿಯನ್ನು ಕರೆಸಿದ್ದೂ ಅವರೇ.

ಅರ್ಧ ಗಂಟೆಯಲ್ಲಿ ಮುಗಿಯಿತು. ಗ್ಯಾರೇಜುಗಳು ನಡುವೆ ಇದ್ದುದರಿಂದ ಡಾರತಿಯ ಮನೆಗೆ ಹೊಗೆಯ ವಾಸನೆ ಬಿಟ್ಟು ಬೇರೇನೂ ತಟ್ಟಲಿಲ್ಲ. ನಮ್ಮ ನಡುಕೋಣೆ, ಅಡುಗೆಮನೆ, ಮಲಗುವ ಕೋಣೆಯ ಅರ್ಧ ಹೋಯಿತು. ಬೆಂಕಿಯವರು ಉಳಿದದ್ದನ್ನು ಅಂಗಳಕ್ಕೆ ತಂದು ಹಾಕಿದರು. ನನ್ನ ಧಾರೆಯ ಸೀರೆ ಕಪ್ಪು ನೀರು ಕುಡಿದು ಸತ್ತ ಪ್ರಾಣಿಯ ಹಾಗೆ ಬಿದ್ದಿತ್ತು. ಅದರ ಜರಿ ಮಾತ್ರ ಸಂಜೆ ಬಿಸಿಲಿಗೆ ಮಿಂಚುತ್ತಿತ್ತು. ಮದುವೆಯಾದಂದಿನಿಂದ ಅಮ್ಮ ಏಳು ವರ್ಷ ಬರೆದ ಕಾಗದಗಳ ಕಟ್ಟು ಹೇಳಹೆಸರಿಲ್ಲದೆ ಹೋಗಿತ್ತು.

ಇವರೂ ಶ್ರೀಪತಿಯಣ್ಣನೂ ಆಫೀಸಿನಿಂದ ಓಡಿ ಬಂದರು. ವಿಚಾರಣೆಗೆ ಬಂದ ಬೆಂಕಿ ಇಲಾಖೆಯ ಅಧಿಕಾರಿ ಸಭ್ಯ ಮನುಷ್ಯ. ಕ್ಲಿಪ್ಪಿನ ಹಲಗೆ ಹಿಡಿದು ಒಂದೊಂದೇ ಕೇಳಿದ. ಒಲೆ ಆರಿಸಿದ್ದಿರಾ? ಆರಿಸಿದ್ದೆ. ಖಂಡಿತವಾಗಿಯೂ? ನಾನು ತಡೆದೆ. ನೂರಕ್ಕೆ ನೂರು ಗೊತ್ತಿಲ್ಲದ್ದನ್ನು ಖಂಡಿತ ಎನ್ನಬಾರದೆಂದು ಕಾನ್ವೆಂಟಿನ ಸಿಸ್ಟರ್ ಬೆನೆಡಿಕ್ಟಾ ನಮ್ಮ ಬೆರಳಿನ ಗೆಣ್ಣಿಗೆ ಸ್ಕೇಲಿನಿಂದ ಹೊಡೆದು ಕಲಿಸಿದ್ದರು. ದಿನಾ ಮಾಡುವ ಕೆಲಸವನ್ನು ಇಂದು ಮಾಡಿದ್ದು ಯಾರಿಗೆ ನೆನಪಿರುತ್ತದೆ? ಆರಿಸಿದ್ದೆ ಎಂದು ನನ್ನ ನಂಬಿಕೆ ಎಂದೆ. ಅವನು ಬರೆದುಕೊಂಡ. ಆಮೇಲೆ ಸೂರಿನಿಂದ ಕಿತ್ತು ತಂದ ಅಲಾರ್ಮನ್ನು ತೋರಿಸಿದ. ಅದು ಅರ್ಧ ಕರಗಿತ್ತು.

"ಇದರಲ್ಲಿ ಬ್ಯಾಟರಿ ಇರಲಿಲ್ಲ. ತೆಗೆದದ್ದು ಯಾರು?"

ಶ್ರೀಪತಿಯಣ್ಣ ನನ್ನಿಂದ ನಾಲ್ಕು ಹೆಜ್ಜೆ ಆಚೆಗೆ, ಆಫೀಸಿನ ಬಿಲ್ಲೆಯನ್ನು ಇನ್ನೂ ಜೇಬಿಗೆ ಸಿಕ್ಕಿಸಿಕೊಂಡು ನಿಂತಿದ್ದರು. ನಾನು ಅವರ ಮುಖ ನೋಡಿದೆ. ಅವರು ಷೂವಿನ ಲೇಸು ನೋಡಿಕೊಳ್ಳುತ್ತಿದ್ದರು. ಗುರುತಿಲ್ಲದ ಮನುಷ್ಯನ ಮುಂದೆ, ಅದೂ ಯೂನಿಫಾರ್ಮು ಹಾಕಿದವನ ಮುಂದೆ, ನಮ್ಮ ಹಿರಿಯರ ಕಡೆಗೆ ಬೆರಳು ಮಾಡುವುದು ನನ್ನಿಂದ ಆಗಲಿಲ್ಲ.

"ನಾವೇ ತೆಗೆದದ್ದು," ಎಂದೆ.

ನಮ್ಮಲ್ಲಿ ಒಂದು ರೀತಿಯುಂಟು. ಕಿರಿಯರು ತಪ್ಪನ್ನು ತಮ್ಮ ಮೇಲೆ ಎಳೆದುಕೊಳ್ಳುತ್ತಾರೆ. ಹಿರಿಯರು ಛೆ, ಬಿಡಮ್ಮ, ಅದು ನನ್ನದು ಎಂದು ವಾಪಸು ತೆಗೆದುಕೊಳ್ಳುತ್ತಾರೆ. ನಾನು ಎಳೆದುಕೊಂಡೆ. ಅವರು ವಾಪಸು ತೆಗೆದುಕೊಳ್ಳುತ್ತಾರೆಂದು ಅಧಿಕಾರಿಯ ಪೆನ್ನು ಆ ಸಾಲಿನ ಕೊನೆಗೆ ತಲುಪುವವರೆಗೆ ಕಾದೆ. ಅವರು ಬಗ್ಗಿ ಲೇಸು ಬಿಗಿ ಮಾಡಿಕೊಂಡು ಎದ್ದು, ಕಾರು ಅಡ್ಡ ನಿಲ್ಲಿಸಿದ್ದೇನೆ ಎಂದು ರಸ್ತೆಯ ಕಡೆಗೆ ನಡೆದರು.

ವರದಿ ಎರಡು ವಾರಕ್ಕೆ ಬಂತು. ಬೆಂಕಿ ಶುರುವಾದದ್ದು ಹೀಟರು ಮತ್ತು ಒಲೆಯ ನಡುವಿನ ಗೋಡೆಯಲ್ಲಿ. ಎರಡರಲ್ಲಿ ಯಾವುದರಿಂದ ಎಂದು ಹೇಳಲು ಸಾಧ್ಯವಾಗಿಲ್ಲ. ಅಲಾರ್ಮನ್ನು ಬಾಡಿಗೆದಾರರು ನಿಷ್ಕ್ರಿಯಗೊಳಿಸಿದ್ದರು. ಇಷ್ಟೇ. ಆ ಕೊನೆಯ ಸಾಲು ನಾನು ಕೊಟ್ಟದ್ದು.

ನಾವು ಎಲ್ ಕಮಿನೋ ರಸ್ತೆಯ ಮೋಟೆಲ್ಲಿನಲ್ಲಿದ್ದೆವು. ಡಾರತಿ ಬೆಂಕಿಯಾದ ಮುಂದಿನ ವಾರವೇ ಫ್ರೆಸ್ನೋದ ಮಗಳ ಮನೆಗೆ ಹೋಗಿದ್ದರು. ಶ್ರೀಪತಿಯಣ್ಣ ಬರುತ್ತಿದ್ದರು, ಆದರೆ ಊಟಕ್ಕೆ ಅಲ್ಲ. ಮೋಟೆಲ್ಲಿನ ಬಾಗಿಲಲ್ಲೇ ನಿಂತು ಇವರ ಜೊತೆ ಇಂಗ್ಲಿಷಿನಲ್ಲಿ ಮಾತಾಡುವುದನ್ನು ಶುರುಮಾಡಿದ್ದರು. ಲಯಬಿಲಿಟಿ, ನೆಗ್ಲಿಜೆನ್ಸು. ಕನ್ನಡದಲ್ಲಿ ಆಡಲಾಗದ ಮಾತುಗಳು ಅವು ಎಂದು ನನಗೆ ಆಗ ಗೊತ್ತಾಯಿತು.

ಶುಭಾಳ ತರಗತಿಯ ಹುಡುಗಿಯೊಬ್ಬಳ ತಾಯಿ ಲಿಂಡಾ ಎನ್ನುವವಳು ವಕೀಲರ ಆಫೀಸಿನಲ್ಲಿ ಟೈಪು ಮಾಡುತ್ತಿದ್ದಳು. ಶಾಲೆಯ ಬೇಲಿಗೆ ಒರಗಿ ನಿಂತು ಅವಳು ನನಗೆ ಪಾಠ ಹೇಳಿದಳು. ಹೀಟರು, ಗ್ಯಾಸು, ತಂತಿ, ಗೋಡೆ ಇವು ಒಡೆಯನ ಜವಾಬ್ದಾರಿ. ಏನಾದರೂ ಕೆಟ್ಟಿದೆ ಎಂದು ಹೇಳುವುದು, ಅಲಾರ್ಮಿಗೆ ಕೈ ಹಚ್ಚದಿರುವುದು ಬಾಡಿಗೆಯವರ ಜವಾಬ್ದಾರಿ. ವಾಸ ಮಾಡಲಾಗದ ಮನೆಗೆ ಬಾಡಿಗೆ ಕೊಡಬೇಕಾಗಿಲ್ಲ. ಮನೆಯೊಳಗಿನ ನಿಮ್ಮ ಸಾಮಾನಿಗೆ ಒಡೆಯನ ವಿಮೆ ಬರುವುದಿಲ್ಲ, ನೀವೇ ಮಾಡಿಸಿರಬೇಕು. ಮಾಡಿಸಿದ್ದೀರಾ? ಇಲ್ಲ. ಹಾಗೊಂದು ಇದೆಯೆಂದೇ ಗೊತ್ತಿರಲಿಲ್ಲ. ಹೀಟರು ಕೆಟ್ಟದ್ದನ್ನು ಅವನಿಗೆ ಬರೆದು ತಿಳಿಸಿದ್ದೀರಾ? ಇಲ್ಲ. ಯಾಕೆ? ಅವರು ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದರು ಎಂದೆ. ಲಿಂಡಾ ನನ್ನ ಮುಖವನ್ನೇ ನೋಡಿದಳು. ಇಂಗ್ಲಿಷಿನಲ್ಲಿ ಹೇಳಿದಾಗ ನನ್ನ ಕಿವಿಗೂ ಅದು ಮೂರ್ಖ ಮಾತಾಗಿಯೇ ಕೇಳಿಸಿತು. ಈಗಲಾದರೂ ಬರೆ, ನಡೆದದ್ದನ್ನು ನಡೆದ ಹಾಗೆ, ತಾರೀಕು ಹಾಕಿ, ಒಂದು ಪ್ರತಿ ಇಟ್ಟುಕೋ ಎಂದಳು.

ಬರೆದೆ. ಕಾನ್ವೆಂಟಿನ ದುಂಡು ಅಕ್ಷರದಲ್ಲಿ ನಾಲ್ಕು ಪುಟ. ಧಪ್ ಎನ್ನುವ ಸದ್ದು, ಕಂದು ಮಚ್ಚೆ, ಬಿಳಿ ಪೇಂಟು, ಕುರ್ಚಿ, ಬ್ಯಾಟರಿ. ಇವರು ಓದಿದರು, ಮಡಚಿದರು, ಸೂಟ್‌ಕೇಸಿನ ಮೇಲೆ ಇಟ್ಟರು.

"ನಾಳೆ ಅವರ ಮುಖ ನೋಡುವುದು ಬೇಡವಾ ನಮಗೆ?"

"ಅವರು ನನ್ನ ಮುಖ ನೋಡ್ತಾ ಇದ್ದಾರಾ?" ಎಂದು ನಾನು ಕೇಳಿದೆ.

ಇವರದೂ ಒಂದು ಕಷ್ಟವಿತ್ತು, ಅದನ್ನೂ ಹೇಳಬೇಕು. ಬೇರೆ ಮನೆ ಸಿಗಬೇಕಾದರೆ ಹಿಂದಿನ ಒಡೆಯರ ಪತ್ರ ಬೇಕು. ಇವರು ಒಳ್ಳೆಯ ಬಾಡಿಗೆದಾರರು, ನಂಬಬಹುದು ಎಂದು. ಮೂರು ಕಡೆ ಕೇಳಿದ್ದೆವು. ಹಿಂದಿನ ಮನೆ ಏನಾಯಿತು ಎನ್ನುತ್ತಿದ್ದರು. ಬೆಂಕಿ ಎಂದ ಕೂಡಲೇ ಅವರ ಮುಖದ ನಗು ಹಾಗೇ ಇದ್ದು, ಬಾಗಿಲು ಮಾತ್ರ ಮುಚ್ಚುತ್ತಿತ್ತು. ಕೊನೆಗೆ ಗಿಲ್‌ರಾಯ್‌ನಲ್ಲಿ, ಇವರ ಆಫೀಸಿಗೆ ಮುಕ್ಕಾಲು ಗಂಟೆ ದೂರದಲ್ಲಿ, ಒಂದು ಅಪಾರ್ಟ್‌ಮೆಂಟು ಸಿಗುವ ಹಾಗಿತ್ತು. ಅವರೂ ಪತ್ರ ಕೇಳಿದ್ದರು. ಶ್ರೀಪತಿಯಣ್ಣ ಪತ್ರ ಕೊಡಲು ತಯಾರಿದ್ದರು. ನಾವು ಮೊದಲು ತಪ್ಪೊಪ್ಪಿಕೊಳ್ಳುವ ಆ ಇನ್ನೊಂದು ಕಾಗದಕ್ಕೆ ಸಹಿ ಹಾಕಿದರೆ.

ಸಂಕ್ರಾಂತಿಯ ಕೂಟಕ್ಕೆ ನಾನು ಹೋಗಬಾರದಿತ್ತು. ಹೋದೆ. ಎಲ್ಲರೂ ಎಳ್ಳು ಬೆಲ್ಲ ಕೊಟ್ಟು ಕೈ ಹಿಡಿದುಕೊಂಡರು. ಪಾಪ ಅಂದರು. ಬೆಂಗಳೂರಿನ ಒಬ್ಬರು ಕಾಗದದ ಚೀಲದಲ್ಲಿ ಎರಡು ನೈಲೆಕ್ಸ್ ಸೀರೆ ಕೊಟ್ಟು, ಮೆಲುದನಿಯಲ್ಲಿ, "ಇನ್ಮೇಲಾದ್ರೂ ಒಲೆ ಕಡೆ ಗ್ಯಾನ ಇಟ್ಕೊಳಿ," ಎಂದರು. ಕೋಣೆಯ ಆಚೆ ತುದಿಯಲ್ಲಿ ವಿಮಲಕ್ಕ ಯಾರಿಗೋ, ಹೊಸದಾಗಿ ಬಂದ ಹೆಣ್ಣುಮಕ್ಕಳಿಗೆ ಈ ಕರೆಂಟಿನ ಒಲೆ ಅಭ್ಯಾಸವಿರೋಲ್ಲ, ಆರಿದೆಯೋ ಉರೀತಿದೆಯೋ ಗೊತ್ತಾಗೋಲ್ಲ, ಪಾಪ, ಅವಳ ತಪ್ಪೂ ಅಲ್ಲ ಎಂದು ಹೇಳುತ್ತಿದ್ದರು. ನನ್ನ ಪರವಾಗಿಯೇ ಹೇಳುತ್ತಿದ್ದರು.

ಕೆಟ್ಟದ್ದು ಏನೆಂದರೆ, ಅಷ್ಟು ಹೊತ್ತಿಗೆ ನನಗೂ ಅನುಮಾನ ಬಂದಿತ್ತು. ಕಣ್ಣು ಮುಚ್ಚಿ ಒಲೆಯ ಗುಂಡಿಯನ್ನು ನೆನೆಸಿಕೊಳ್ಳುತ್ತಿದ್ದೆ. ನನ್ನ ಕೈ ಅದನ್ನು ಎಡಕ್ಕೆ ತಿರುಗಿಸುವುದು ಒಂದು ಸಲ ಕಾಣುತ್ತಿತ್ತು, ಇನ್ನೊಂದು ಸಲ ಕಾಣುತ್ತಿರಲಿಲ್ಲ. ಎಲ್ಲರೂ ಒಂದೇ ಮಾತು ಆಡಿದರೆ ನಮ್ಮ ಕೈ ಮಾಡಿದ ಕೆಲಸ ನಮ್ಮ ಕೈಗೇ ಮರೆತುಹೋಗುತ್ತದೆ. ಮಗಳು ಒಂದು ದಿನ ಇಂಗ್ಲಿಷಿನಲ್ಲಿ, ಅಮ್ಮಾ, ನೀನು ಬೇಕೆಂದೇ ಮಾಡಲಿಲ್ಲ ಅಲ್ಲವಾ ಎಂದು ಕೇಳಿದಳು. ಇಲ್ಲ ಎಂದೆ. ಮಾಡಲೇ ಇಲ್ಲ ಎಂದು ಹೇಳಬೇಕಿತ್ತೆಂದು ನನಗೆ ಆಮೇಲೆ ಹೊಳೆಯಿತು.

ಹೀಗೆ ಆ ಬೆಳಿಗ್ಗೆ ಬಂತು. ಹತ್ತು ಗಂಟೆಗೆ ಕ್ಯುಪರ್ಟಿನೋದ ಅವರ ಮನೆಯಲ್ಲಿ, ಲೇಸಿನ ಬಟ್ಟೆಯ ಮೇಲೆ ಪ್ಲ್ಯಾಸ್ಟಿಕ್ಕು ಹೊದಿಸಿದ್ದ ಮೇಜಿನ ಎದುರು ಕೂತೆವು. ವಿಮಲಕ್ಕ ಸ್ಟೀಲಿನ ಲೋಟದಲ್ಲಿ ಕಾಫಿ ತಂದರು. ಚಕ್ಕುಲಿ ಇಟ್ಟರು. ಶ್ರೀಪತಿಯಣ್ಣ ಕನ್ನಡಕ ಏರಿಸಿಕೊಂಡು ಕಾಗದವನ್ನು ನನ್ನ ಕಡೆಗೆ ತಿರುಗಿಸಿದರು. ಟೈಪು ಮಾಡಿದ್ದು ಅಚ್ಚುಕಟ್ಟಾಗಿತ್ತು, ಒಂದು ಅಲ್ಪವಿರಾಮವೂ ತಪ್ಪಿರಲಿಲ್ಲ. ಬಾಡಿಗೆದಾರಳು ಒಲೆಯನ್ನು ಉರಿಯುತ್ತಿದ್ದ ಹಾಗೆಯೇ ಬಿಟ್ಟು ಹೊರಗೆ ಹೋದದ್ದು, ಅಲಾರ್ಮಿನ ಬ್ಯಾಟರಿಯನ್ನು ತೆಗೆದದ್ದು, ಈ ಎರಡರಿಂದ ಬೆಂಕಿಯೂ ನಷ್ಟವೂ ಆದದ್ದು. ಇದನ್ನು ಬಾಡಿಗೆದಾರರು ಒಪ್ಪುತ್ತಾರೆ. ಒಡೆಯರು ಉದಾರವಾಗಿ ಬೇರಾವ ಪರಿಹಾರವನ್ನೂ ಕೇಳುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಹಾಳೆ ಇತ್ತು, ಗಿಲ್‌ರಾಯ್‌ನವರಿಗೆ ಬರೆದದ್ದು. ಅದರಲ್ಲಿ ನಾವು ಸಜ್ಜನರು, ಶುಚಿ ಸ್ವಭಾವದವರು, ತಪ್ಪದೆ ಬಾಡಿಗೆ ಕೊಡುವವರು.

ನಾನು ಎರಡು ಸಲ ಓದಿದೆ. ಮೂವರೂ ಕಾದರು.

"ಅಣ್ಣಾ, ಇದರಲ್ಲಿ ಹೀಟರಿನ ವಿಷಯ ಇಲ್ಲ," ಎಂದೆ.

"ಹೀಟರಿಗೇನಾಗಿತ್ತಮ್ಮ?"

"ಗೋಡೆ ಸುಟ್ಟಿತ್ತು. ನೀವು ಪೇಂಟು ಹೊಡೆದದ್ದು."

ಅವರಿಗೆ ಕೋಪ ಬರಲಿಲ್ಲ. ಬಂದಿದ್ದರೆ ನನಗೆ ಧೈರ್ಯ ಬರುತ್ತಿತ್ತು. ಕನ್ನಡಕ ತೆಗೆದು, ಕಣ್ಣು ಒರೆಸಿಕೊಂಡು, ದೊಡ್ಡ ಅಣ್ಣನ ದನಿಯಲ್ಲಿಯೇ ಹೇಳಿದರು.

"ಹಳೇ ಗೋಡೆ, ಮಸಿ ಹಿಡಿದಿತ್ತು, ಬಳಿದೆ. ಆ ಹೀಟರು ಇನ್ನೂ ಇಪ್ಪತ್ತು ವರ್ಷ ಬರ್ತಿತ್ತು ಕಣಮ್ಮ. ಸರಿಯಿಲ್ಲ ಅಂತ ಗೊತ್ತಿದ್ರೆ ಆ ಮಗು ಇರೋ ಮನೇಲಿ ನಾನು ಅದನ್ನ ಬಿಡ್ತಿದ್ನಾ? ನೀನೇ ಹೇಳು."

ಇಷ್ಟು ಶಾಂತವಾಗಿ ಯಾರಾದರೂ ಸುಳ್ಳು ಹೇಳುತ್ತಾರೆಯೇ ಎಂದು ಯೋಚಿಸಿದೆ. ಹಾಗಾದರೆ ಒಲೆಯೇ ಇರಬೇಕು. ಹಾಗಾದರೆ ನಾನೇ ಇರಬೇಕು. ಬ್ಯಾಟರಿಯ ಮಾತನ್ನು ನಾನು ಎತ್ತಲಿಲ್ಲ, ಅವರೂ ಎತ್ತಲಿಲ್ಲ. ವಿಮಲಕ್ಕ ನನ್ನ ಬೆನ್ನು ಸವರಿ, ಕಾಫಿ ಆರುತ್ತೆ ಕುಡಿಯಮ್ಮ ಎಂದರು. ಇವರು ಮೊದಲು ಸಹಿ ಹಾಕಿ ಪೆನ್ನನ್ನು ನನ್ನ ಕೈಗೆ ಕೊಟ್ಟರು. ಪೆನ್ನು ಇವರ ಬೆರಳಿನ ಬೆವರಿಗೆ ಜಾರುತ್ತಿತ್ತು. ನಾನು ನನ್ನ ಪೂರ್ತಿ ಹೆಸರು ಬರೆದೆ. ಸುಂದರವಾಗಿ ಬಂತು. ಶ್ರೀಪತಿಯಣ್ಣ ಅದನ್ನು ನೋಡಿ, ಕಾನ್ವೆಂಟಿನೋರ ಅಕ್ಷರವೇ ಅಕ್ಷರ ಎಂದರು. ನಾವು ಚಕ್ಕುಲಿ ತಿಂದೆವು. ತಿನ್ನದೆ ಎದ್ದು ಬರುವುದು ಹೇಗೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಸಂಜೆ ಐದು ಗಂಟೆಗೆ ಇವರು ಆಫೀಸಿನಿಂದ ಬಂದ ಮೇಲೆ ಮೂವರೂ ಸನ್ನಿವೇಲ್‌ಗೆ ಹೋದೆವು. ಉಳಿದಿದ್ದ ನಾಲ್ಕು ಹಿತ್ತಾಳೆ ಪಾತ್ರೆ, ಒದ್ದೆಯಾಗಿ ಅಂಟಿಕೊಂಡ ಫೋಟೋ ಆಲ್ಬಮ್ಮು ಡಾರತಿಯ ಗ್ಯಾರೇಜಿನಲ್ಲಿದ್ದವು. ಅವರು ಫ್ರೆಸ್ನೋದಿಂದ ಹಿಂದಿನ ದಿನವಷ್ಟೇ ಬಂದಿದ್ದರು. ನಮ್ಮ ಮನೆಯ ಕಿಟಕಿಗಳಿಗೆ ಹಲಗೆ ಹೊಡೆದಿತ್ತು. ನಾನು ಆ ಕಡೆ ಹೆಚ್ಚು ನೋಡಲಿಲ್ಲ. ಇವರು ಡಬ್ಬಿಗಳನ್ನು ಕಾರಿಗೆ ಸಾಗಿಸುತ್ತಿರುವಾಗ ಡಾರತಿ ನನ್ನನ್ನೂ ಶುಭಾಳನ್ನೂ ಒಳಗೆ ಕರೆದು ಕೂರಿಸಿ, ಕೊನೆಯ ಡಬ್ಬಿಗೆ ಟೇಪು ಸುತ್ತತೊಡಗಿದರು. ಮನೆ ಬದಲಿಸುತ್ತಿದ್ದೇವೆ, ಗಿಲ್‌ರಾಯ್‌ಗೆ ಎಂದೆ. ಬೆಳ್ಳುಳ್ಳಿ ಬೆಳೆಯುವ ಊರು, ಬರೀ ಅದರದೇ ವಾಸನೆ ಎಂದು ಅವರು ಶುಭಾಳತ್ತ ಮೂಗು ಸುಕ್ಕುಗಟ್ಟಿಸಿದರು. ಮತ್ತೆ ಏನು ಮಾತಾಡಬೇಕೆಂದು ತೋಚದೆ, ನಿಮ್ಮ ಮನೆ ಹಿತವಾಗಿ ಬೆಚ್ಚಗಿದೆ ಎಂದೆ.

"ಹೊಸ ಹೀಟರಲ್ಲವಾ," ಎಂದರು ಡಾರತಿ, ಹಲ್ಲಿನಿಂದ ಟೇಪು ಕತ್ತರಿಸುತ್ತಾ. "ನಿಮ್ಮ ಮನೆ ಸುಟ್ಟ ಮೂರನೆಯ ದಿನವೇ ಮನೆಯೊಡೆಯ ಗ್ಯಾಸಿನವರನ್ನು ಕರೆದುಕೊಂಡು ಬಂದು ಹಳೆಯದನ್ನು ಕೀಳಿಸಿ ಹಾಕಿದ. ನಾನು ಕೇಳಿಯೂ ಇರಲಿಲ್ಲ. ಎರಡೂ ಮನೆಯ ಹಳೆಯ ಹೀಟರು ಒಂದೇ ಸಲ ಹಾಕಿಸಿದ್ದು, ಇನ್ನು ಇದನ್ನು ನಂಬುವುದು ಬೇಡ ಅಂದ. ನಿಮ್ಮ ಜನ ಎಷ್ಟು ಒಳ್ಳೆಯವರು, ಸೂ."